ಐಸಾಕ್ ಮಾಸ್ಸಾ ಕ್ಯಾನ್ವಾಸ್ ಪ್ರಿಂಟ್: ಹಂಪನಕಟ್ಟೆ ಅಂಗಡಿಯ ಕೆಲಸ ಹೇಗಿದೆ?

ಡಚ್ ಚಿತ್ರಕಾರ ಫ್ರಾನ್ಸ್ ಹಾಲ್ಸ್ 1626ರಲ್ಲಿ ಬರೆದ ಐಸಾಕ್ ಮಾಸ್ಸಾ ಭಾವಚಿತ್ರವನ್ನು ಮಂಗಳೂರಿನ ಹಂಪನಕಟ್ಟೆಯ ಡಿಜಿಟಲ್ ಪ್ರಿಂಟ್ ಅಂಗಡಿಯೊಂದು ಮೂಲದ ಅಳತೆಯಲ್ಲೇ, ಸುಮಾರು 80 × 65 ಸೆಂ.ಮೀ., ಕ್ಯಾನ್ವಾಸ್ ಮೇಲೆ ಮುದ್ರಿಸಿ ಕೊಟ್ಟಿದೆ. ಮರದ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದ ಕೆಲಸಕ್ಕೆ ಪೂರ್ತಿ ಅಂಕ, ಬಣ್ಣಕ್ಕೆ ಅರ್ಧ.

ಮೂಲಚಿತ್ರ ಟೊರಾಂಟೊದ ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊದಲ್ಲಿದೆ. ಮಾಸ್ಸಾ ಹಾರ್ಲೆಮ್‌ನ ಧಾನ್ಯ ವ್ಯಾಪಾರಿ, ಡಚ್ಚರ ಪರವಾಗಿ ರಷ್ಯಾಕ್ಕೆ ರಾಯಭಾರ ಹೋದವನೂ ಹೌದು. ಕುರ್ಚಿಯ ಬೆನ್ನಿನ ಮೇಲೆ ತೋಳು ಹಾಕಿ, ಕೈಯಲ್ಲಿ ಹಾಲಿ (holly) ಎಂಬ ಮುಳ್ಳೆಲೆಯ ಗಿಡದ ಕಡ್ಡಿ ಹಿಡಿದು, ಯಾರೋ ಕರೆದರೆಂಬಂತೆ ಬಾಯಿ ಅರೆತೆರೆದು ತಿರುಗಿದ್ದಾನೆ. ಹ್ಯಾಟು, ಉಡುಪು ಎಲ್ಲ ಕಪ್ಪು. ಪ್ರಿಂಟ್ ಕೆಡುವುದೂ ಅಲ್ಲೇ. ಹಾಲ್ಸ್‌ನಲ್ಲಿ ಇಪ್ಪತ್ತೇಳು ಬಗೆಯ ಕಪ್ಪಿದೆ ಎಂದು ವ್ಯಾನ್ ಗೋ ತಮ್ಮನಿಗೆ ಬರೆದಿದ್ದ. ಅಂಗಡಿಯವರ ಮೊದಲ ಪ್ರಿಂಟ್‌ನಲ್ಲಿ ಉಳಿದದ್ದು ಒಂದೇ! ತೋಳಿನ ನೆರಿಗೆಗಳೆಲ್ಲ ಡಾಂಬರು ಬಳಿದ ಹಾಗೆ ಮುಚ್ಚಿಹೋಗಿದ್ದವು. ಫ್ಲೆಕ್ಸ್‌ಗೆ ಇಟ್ಟಿದ್ದ ಪ್ರೊಫೈಲ್‌ನಲ್ಲೇ (ಯಾವ ಬಣ್ಣಕ್ಕೆ ಎಷ್ಟು ಇಂಕ್ ಎಂದು ಪ್ರಿಂಟರ್‌ಗೆ ಹೇಳುವ ಸೆಟ್ಟಿಂಗ್) ಕ್ಯಾನ್ವಾಸ್ ಓಡಿಸಿದ್ದರಿಂದ ಇಂಕ್ ಜಾಸ್ತಿ ಬಿದ್ದಿತ್ತು. ಪ್ರೊಫೈಲ್ ಬದಲಿಸಿ, ನೆರಳಿನ ಭಾಗವನ್ನಷ್ಟೇ ತುಸು ತಿಳಿ ಮಾಡಿದ ಮೇಲೆ ನೆರಿಗೆಗಳು ಎದ್ದು ಬಂದವು. ಆದ್ದರಿಂದ ಪೂರ್ತಿ ಪ್ರಿಂಟ್‌ಗೆ ಮೊದಲು ಕಾಲರ್‌ನಿಂದ ತೋಳಿನವರೆಗಿನ ಒಂದು ಪಟ್ಟಿ ತೆಗೆಸಿ, ಅಂಗಡಿಯ ಟ್ಯೂಬ್‌ಲೈಟ್ ಬಿಟ್ಟು ಹೊರಗಿನ ಬೆಳಕಲ್ಲಿ ನೋಡಿ.

200 ಡಿಪಿಐಗೆ (ಇಂಚಿಗೆ 200 ಚುಕ್ಕೆ) ಈ ಅಳತೆಯಲ್ಲಿ ಸುಮಾರು 6300 × 5100 ಪಿಕ್ಸೆಲ್ ಬೇಕು. ಫೈಲನ್ನು ಪೆನ್‌ಡ್ರೈವ್‌ನಲ್ಲೇ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಕುಗ್ಗಿಹೋಗುತ್ತದೆ. ಚೌಕಟ್ಟಿನ ಬದಿಗೆ ಮಡಚಲು ಸುತ್ತ 5 ಸೆಂ.ಮೀ. ಬಿಟ್ಟರೆ ಮುದ್ರಣ 90 × 75 ಆಗಿ, ಐದೂವರೆ ಚದರ ಅಡಿಯ ಚಿತ್ರಕ್ಕೆ ಏಳು ಚದರ ಅಡಿಗೂ ಹೆಚ್ಚು ಬಿಲ್ ಬರುತ್ತದೆ. ಮೊದಲೇ ಕೇಳಿಕೊಳ್ಳಿ.

ಬಿಗಿಯುವವನ ಕೈ ಪಳಗಿದೆ. ನಾಲ್ಕೂ ಬದಿಯ ನಡುವಿನಿಂದ ಮೂಲೆಗೆ ಪಿನ್ ಹೊಡೆಯುತ್ತಾ ಹೋಗಿದ್ದಾನೆ, ಮೂಲೆಗಳಲ್ಲಿ ಬೆಣೆಯನ್ನೂ ಇಟ್ಟಿದ್ದಾನೆ. ಮಳೆಗಾಲದಲ್ಲಿ ಕ್ಯಾನ್ವಾಸ್ ಸಡಿಲಾದರೆ ಬೆಣೆಗೆ ಮೆಲ್ಲನೆ ಬಡಿದರೆ ಸಾಕು. ಪಿನ್ ಮಾತ್ರ ಸ್ಟೇನ್‌ಲೆಸ್ ಕೇಳಿ, ಕಡಲ ಗಾಳಿಗೆ ಬೇರೆಯದು ತುಕ್ಕು ಹಿಡಿಯುತ್ತದೆ. ನೇತುಹಾಕುವಾಗ ಕೆಳಮೂಲೆಗಳಿಗೆ ಒಂದು ಸೆಂಟಿಮೀಟರ್ ದಪ್ಪದ ರಬ್ಬರ್ ಬಿಲ್ಲೆ ಅಂಟಿಸಿ. ಜುಲೈಯಲ್ಲಿ ಗೋಡೆ ಬೆವರಿದರೂ ಹಿಂದೆ ಗಾಳಿ ಆಡುತ್ತದೆ. ಹಿಂಬದಿಗೆ ಹಾರ್ಡ್‌ಬೋರ್ಡ್ ಹೊಡೆಯೋಣ ಎಂದು ಅಂಗಡಿಯವರು ಒತ್ತಾಯ ಮಾಡುತ್ತಾರೆ. ಬೇಡ ಎನ್ನಿ, ನೀರು ಹೀರಿ ಬೂಸ್ಟು ಹಿಡಿಯುವುದು ಮೊದಲು ಅದಕ್ಕೇ.