ಕಾರ್ಪೆಟ್ ಕೊಳ್ಳೋ ಮುಂಚೆ ಒಂದ್ಸಲ ಮಗುಚಿ ನೋಡ್ರಪ್ಪ

ನಿನ್ನೆ ಸಂಜೆ ಮನೆಗೆ ಬರುವಾಗ ಒಂದು ಕಲ್ಯಾಣ ಮಂಟಪದ ಗೇಟಿಗೆ ಕಟ್ಟಿದ್ದ ಬ್ಯಾನರ್ ಕಣ್ಣಿಗೆ ಬಿತ್ತು. ‘ಕಾಶ್ಮೀರಿ ಸಿಲ್ಕ್ ಕಾರ್ಪೆಟ್, ಶೇ 70 ರಿಯಾಯಿತಿ, ಮೂರೇ ದಿನ.’ ಗಾಡಿ ನಿಲ್ಲಿಸಿ ಎರಡು ನಿಮಿಷ ಅದನ್ನೇ ನೋಡ್ತಾ ನಿಂತೆ. ಹೋದ ವರ್ಷ ಇಂಥದ್ದೇ ಬ್ಯಾನರ್ ನೋಡಿ, ಇಂಥದ್ದೇ ಮಂಟಪದೊಳಗೆ ಚಪ್ಪಲಿ ಬಿಟ್ಟು ಹೋಗಿ, 31,000 ರೂಪಾಯಿ ಕಳ್ಕೊಂಡು ಬಂದವನು ನಾನು. ಇವರು ಅವರೇ ಅನ್ನೋಕೆ ನನ್ನ ಹತ್ರ ಪುರಾವೆ ಇಲ್ಲ, ಅನ್ನೋದೂ ಇಲ್ಲ. ಆದರೆ ದಾವಣಗೆರೆಯಲ್ಲಿ ಯಾವ ಬಡಾವಣೆಗೆ ಹೋದರೂ ನಾಲ್ಕು ಹೊಸ ಮನೆ ಏಳ್ತಿವೆ. ಗೃಹಪ್ರವೇಶದ ಖುಷಿಯಲ್ಲಿ ಇರೋವರು ಒಳಗೆ ಕಾಲಿಡೋ ಮುಂಚೆ ನನ್ನ ಕಥೆ ಓದ್ಕೊಂಡು ಹೋಗ್ಲಿ.

ನಾಚಿಕೆಯ ಸಂಗತಿ ಮೊದಲೇ ಹೇಳಿಬಿಡ್ತೀನಿ. ಈ ಊರನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದ ಕಾಲದಲ್ಲಿ ನಮ್ಮಪ್ಪ ಇಲ್ಲಿನ ಒಂದು ಕಾಟನ್ ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಂತು ದುಡಿದವರು. ಮಿಲ್ಲು ಮುಚ್ಚಿ ಎಷ್ಟೋ ವರ್ಷ ಆಯ್ತು, ಅಪ್ಪನ ಕೈ ಮಾತ್ರ ಇನ್ನೂ ರಿಟೈರ್ ಆಗಿಲ್ಲ. ಮದುವೆ ಊಟಕ್ಕೆ ಕೂತಾಗಲೂ ಪಕ್ಕದವರ ಟವೆಲ್ಲಿನ ತುದಿ ಮಗುಚಿ ನೋಡೋ ಮನುಷ್ಯ. ಆ ದಿನ ಅವರನ್ನ ಕರ್ಕೊಂಡು ಹೋಗಿರಲಿಲ್ಲ. ‘ಬಿಸಿಲು, ನೀವು ಮನೇಲಿರ್ರಿ’ ಅಂದಿದ್ದೆ.

ಒಳಗೆ ಕೂಲರ್ ಗಾಳಿ, ಬಿಳಿ ಲೈಟು, ಕೈಗೆ ಒಂದು ಲೋಟ ಚಹಾ. ಹುಡುಗ ಮೂರು ಕಾರ್ಪೆಟ್ ಒಂದರ ಮೇಲೊಂದು ಬಿಡಿಸಿ ಹಾಸಿದ. ನಾಲ್ಕನೆಯದನ್ನ ಹಾಸುವಾಗ ಸ್ವಲ್ಪ ತಡೆದ, ತೋರಿಸ್ಲೋ ಬೇಡ್ವೋ ಅನ್ನೋ ಹಾಗೆ. ಆಮೇಲೆ ತುದಿ ಹಿಡಿದು ಗಾಳಿಯಲ್ಲಿ ತಿರುಗಿಸಿದ. ಈ ಕಡೆಯಿಂದ ನೋಡಿದ್ರೆ ತಿಳಿ ನೀಲಿ, ಆ ಕಡೆಯಿಂದ ನೋಡಿದ್ರೆ ಕಡು ನೀಲಿ. ‘ನೋಡಿ ಸರ್, ಪ್ಯೂರ್ ಸಿಲ್ಕ್ ಐತೆ, ಅದಕ್ಕೇ ಕಲರ್ ಚೇಂಜ್’ ಅಂದ. ನನ್ನ ಹೆಂಡತಿ ಕಣ್ಣಲ್ಲೇ ‘ಇದೇ’ ಅಂದಳು. ಆಮೇಲೆ ಅವನು ಜೇಬಿನಿಂದ ಲೈಟರ್ ತೆಗೆದು ಕಾರ್ಪೆಟ್ ಮೇಲೆ ಸರ್ರನೆ ಆಡಿಸಿದ. ಒಂದು ಎಳೆಯೂ ಸುಡಲಿಲ್ಲ. ‘ನಕಲಿ ಆಗಿದ್ರೆ ಈಗ ಭಗ್ ಅಂತಿತ್ತು ಸರ್.’

ಆ ಎರಡೂ ಆಟದ ಗುಟ್ಟು ಈಗ ಗೊತ್ತು. ನೂಲಿನ ತುದಿಗಳು ಒಂದೇ ಕಡೆ ವಾಲಿರೋ ಯಾವ ಹೊಳಪಿನ ಕಾರ್ಪೆಟ್ಟಾದ್ರೂ ಎರಡು ಕಡೆಯಿಂದ ಎರಡು ಬಣ್ಣ ಕಾಣಿಸುತ್ತೆ. ರೇಷ್ಮೆಯೇ ಆಗಬೇಕಿಲ್ಲ, ಮಖಮಲ್ಲಿನ ಬಟ್ಟೆ ಸವರಿ ನೋಡಿ, ಅದೇ ಆಟ. ಇನ್ನು ಲೈಟರ್. ಒತ್ತಾಗಿರೋ ನೂಲಿನ ಮೇಲೆ ಬೆಂಕಿ ಕ್ಷಣದಲ್ಲಿ ಹಾದುಹೋದ್ರೆ ಏನೂ ಆಗಲ್ಲ. ದೀಪದ ಕುಡಿಯ ಮೇಲೆ ಬೆರಳು ಸರ್ರನೆ ಆಡಿಸಿದ್ರೆ ಬೆರಳೂ ಸುಡಲ್ಲ ತಾನೇ.

ಚೀಟಿಯ ಮೇಲೆ 80,000 ಬರೆದು, ಹೊಡೆದು ಹಾಕಿ, 22,000 ಅಂತ ಬರೆದ. 5x8 ಅಡಿಯದು. ಪ್ಯಾಸೇಜಿಗೆ ಒಂದು, ಅಡುಗೆಮನೆ ಕಟ್ಟೆಯ ಮುಂದಕ್ಕೆ ಒಂದು ಅಂತ ಎರಡು ಉದ್ದನೆ ರನ್ನರ್, ತಲಾ 4,500. ‘ಇಂಚಿಗೆ ಮುನ್ನೂರು ಗಂಟು, ಎಲ್ಲಾ ಕೈಯಲ್ಲಿ ಕಟ್ಟಿದ್ದು’ ಅನ್ನೋ ಮಾತು ಪುಕ್ಕಟೆ ಬಂತು. ನಾನು ಗೂಗಲ್ ಪೇ ಮಾಡಿದೆ.

ಅಪ್ಪ ರಾತ್ರಿ ಊಟ ಆದಮೇಲೆ ಬಂದು ಹಾಲಿನಲ್ಲಿ ನಿಂತರು. ನಿಂತವರು ಬಗ್ಗಿ ಒಂದು ಮೂಲೆ ಹಿಡಿದು ಮಗುಚಿದರು. ಹಿಂಬದಿಯಲ್ಲಿ ಒಂದು ದಪ್ಪ ಬಿಳಿ ಬಟ್ಟೆ, ಅಂಟು ಹಾಕಿ ಕೂರಿಸಿದ್ದು.

‘ಗಂಟು ಎಲ್ಲೈತಪ್ಪ?’ ಅಂದರು.

‘ಒಳಗೆ ಇರ್ತಾವೆ.’

‘ಕಟ್ಟಿದೋನು ಗಂಟು ಯಾಕೆ ಮುಚ್ಚಿಡ್ತಾನೆ?’

ನನಗೆ ಸಿಟ್ಟು ಬಂತು. ಹೊಸ ವಸ್ತು ತಂದ ದಿನವೇ ಹಿಂಗೆ ಅಂದ್ರೆ ಯಾರಿಗಾದ್ರೂ ಬರುತ್ತೆ. ಅಪ್ಪ ಏನೂ ಅನ್ನದೆ ಹಾಲಿನ ಲೆಕ್ಕ ಬರೆಯೋ ಪುಸ್ತಕ ತಗೊಂಡು ಕೂತರು. 5x8 ಅಡಿ ಅಂದ್ರೆ 5,760 ಚದರ ಇಂಚು. ಚದರ ಇಂಚಿಗೆ 300 ಅಂದ್ರೆ 17,28,000 ಗಂಟು. ಪಳಗಿದ ಕೈ ದಿನಕ್ಕೆ ಎಂಟು ಸಾವಿರ ಗಂಟು ಕಟ್ಟಿದ್ರೂ 216 ದಿನ. ‘22,000ನ 216ರಿಂದ ಭಾಗಿಸು’ ಅಂದರು. ದಿನಕ್ಕೆ 102 ರೂಪಾಯಿನೂ ಬರಲ್ಲ. ರೇಷ್ಮೆ ದುಡ್ಡು, ಅಂಗಡಿಯವನ ಲಾಭ, ಮಂಟಪದ ಬಾಡಿಗೆ, ನನ್ನ ಒಂದು ಲೋಟ ಚಹಾ ಎಲ್ಲಾ ಅದರೊಳಗೇ ಬರಬೇಕು! ‘ನಮ್ಮ ಮಿಲ್ಲಿನಲ್ಲಿ ಕಸ ಗುಡಿಸೋನಿಗೂ ಇದಕ್ಕಿಂತ ಮರ್ಯಾದೆ ಇತ್ತು’ ಅಂತ ಹೇಳಿ ಪುಸ್ತಕ ಮಡಚಿ ಮಲಗೋಕೆ ಹೋದರು.

ಲೆಕ್ಕ ತಲೇಲಿ ಕೂತರೂ ಒಪ್ಕೊಳ್ಳೋಕೆ ಆರು ತಿಂಗಳು ಬೇಕಾಯ್ತು.

ಒಪ್ಪಿಸಿದ್ದು ಒಂದು ಬಾಟಲಿ ನೀರು. ಮಗಳು ಸ್ಕೂಲಿನಿಂದ ಬಂದು ಕಾರ್ಪೆಟ್ ಮೇಲೆ ಬ್ಯಾಗ್ ಎಸೆದಳು, ಬಾಟಲಿಯ ಮುಚ್ಚಳ ಸಡಿಲ ಇತ್ತು. ಬರೀ ನೀರಲ್ವಾ ಅಂತ ಒರೆಸಿ ಬಿಟ್ವಿ. ಬೆಳಿಗ್ಗೆ ನೋಡಿದ್ರೆ ತಟ್ಟೆಯಷ್ಟು ಅಗಲ ಹಳದಿ ಕಲೆ. ಅಲ್ಲಿನ ನೂಲು ಮಳೆಯಲ್ಲಿ ನೆಂದ ನಾಯಿಯ ಮೈಕೂದಲಿನ ಹಾಗೆ ಗುಚ್ಚುಗುಚ್ಚಾಗಿ ಅಂಟಿಕೊಂಡು ಬಿರುಸಾಗಿತ್ತು. ಶಾಂಪೂ ಹಾಕಿ ಉಜ್ಜಿದ್ವಿ, ಕಲೆ ಇನ್ನಷ್ಟು ದೊಡ್ಡದಾಯ್ತು.

ಆವತ್ತು ಅಪ್ಪ ಕತ್ತರಿಯಲ್ಲಿ ಅಂಚಿನಿಂದ ನಾಲ್ಕು ಎಳೆ ಕತ್ತರಿಸಿ, ಹೊಸೆದು, ಹಿತ್ತಲಿನ ಕಟ್ಟೆ ಮೇಲೆ ಒಂದು ಸ್ಟೀಲ್ ತಟ್ಟೆಯಲ್ಲಿಟ್ಟು ಕಡ್ಡಿ ಗೀರಿದರು. ರೇಷ್ಮೆ ಅಥವಾ ಉಣ್ಣೆ ಆಗಿದ್ರೆ ಮುರುಟಿಕೊಳ್ಳುತ್ತೆ, ಕೂದಲು ಸುಟ್ಟ ವಾಸನೆ ಬರುತ್ತೆ, ಬೆಂಕಿ ತೆಗೆದ್ರೆ ತಾನಾಗೇ ಆರುತ್ತೆ, ಉಳಿದ ಕರಿ ಉಂಡೆಯನ್ನ ಬೆರಳಲ್ಲಿ ಹಿಸುಕಿದ್ರೆ ಪುಡಿಯಾಗುತ್ತೆ. ನಮ್ಮದು ಸರಸರನೆ ಉರೀತು. ಪೇಪರ್ ಸುಟ್ಟ ವಾಸನೆ, ತಟ್ಟೆಯಲ್ಲಿ ಹಗುರ ಬೂದಿ. ಅಂದ್ರೆ ವಿಸ್ಕೋಸ್. ಮರದ ತಿರುಳಿನಿಂದ ತೆಗೆದ ನೂಲು. ಆರ್ಟ್ ಸಿಲ್ಕ್, ಬಿದಿರು ಸಿಲ್ಕ್ ಅಂತೆಲ್ಲ ಹೆಸರು ಕಟ್ಟಿ ಮಾರೋದು ಬಹುಪಾಲು ಇದನ್ನೇ. ನೋಡೋಕೆ ರೇಷ್ಮೆಗಿಂತ ಹೊಳಪು, ನೀರು ಬಿದ್ರೆ ಶಕ್ತಿಯೇ ಇಲ್ಲ. ರನ್ನರಿನ ಎಳೆಗೂ ಕಡ್ಡಿ ಹಚ್ಚಿದರು. ಅದು ಉರಿಯೋ ಬದಲು ಕರಗಿ, ಮೇಣದ ವಾಸನೆ ಬಿಟ್ಟು, ತಟ್ಟೆಗೆ ಗಟ್ಟಿ ಮಣಿ ಹಾಗೆ ಅಂಟಿಕೊಂಡಿತು. ಪ್ಲಾಸ್ಟಿಕ್. ತಟ್ಟೆಯನ್ನ ಅವ್ವ ಮತ್ತೆ ಬಳಸೋಕೆ ಬಿಡಲಿಲ್ಲ.

ಇನ್ನೊಂದು ದಿನ ಕಾರ್ಪೆಟ್ಟನ್ನ ಕಾಂಪೌಂಡ್ ಮೇಲೆ ಹಾಕಿ ಕೋಲಲ್ಲಿ ಬಡಿದೆ. ನಮ್ಮೂರ ಬೇಸಿಗೆ ಧೂಳು ನಿಮಗೆ ಗೊತ್ತಲ್ಲ, ಬಡೀದಿದ್ರೆ ಆಗಲ್ಲ. ಬಡಿದಷ್ಟೂ ಬಿಳಿ ಪುಡಿ ಉದುರ್ತಾನೇ ಇತ್ತು. ನಮ್ಮ ರಸ್ತೆ ಮಣ್ಣು ಕಪ್ಪು, ಬಿಳಿ ಎಲ್ಲಿಂದ ಬಂತು? ಆಮೇಲೆ ತಿಳೀತು. ಇಂಥ ಕಾರ್ಪೆಟ್ಟಿನಲ್ಲಿ ಗಂಟೇ ಇರಲ್ಲ. ಗನ್ನಿನಂಥ ಯಂತ್ರದಿಂದ ಒಂದು ಬಟ್ಟೆಗೆ ನೂಲು ಚುಚ್ಚಿ, ಅದು ಕಿತ್ತು ಬರದ ಹಾಗೆ ಹಿಂದೆ ಲೇಟೆಕ್ಸ್ ಅಂಟು ಬಳಿದು, ಅದರ ಮೇಲೆ ಇನ್ನೊಂದು ಬಟ್ಟೆ ಅಂಟಿಸ್ತಾರೆ. ಟಫ್ಟೆಡ್ ಅಂತ ಹೆಸರು. ಆ ಅಂಟಿನಲ್ಲಿ ಸುಣ್ಣದಕಲ್ಲಿನ ಪುಡಿ ಬೆರೆಸಿರ್ತಾರೆ. ಅಂಟು ಒಣಗಿ ಸತ್ತಾಗ ಉದುರೋದು ಅದೇ. ಹಾಗಂತ ಟಫ್ಟೆಡ್ ಅಂದ್ರೆ ಮೋಸ ಅಂತಲ್ಲ. ಉತ್ತರ ಭಾರತದ ಭದೋಹಿ, ಪಾಣಿಪತ್ ಕಡೆಯಿಂದ ಒಳ್ಳೆ ಮಾಲು ಬರುತ್ತೆ, ಟಫ್ಟೆಡ್ ಅಂತಲೇ ಹೇಳಿ ಅದರ ಬೆಲೆಗೆ ಮಾರೋ ಅಂಗಡಿಗಳೂ ಇವೆ. ಅದನ್ನ ಗಂಟು ಹಾಕಿದ್ದು ಅಂತ ಮಾರೋದು ಮೋಸ.

ಕೈಯಲ್ಲಿ ಗಂಟು ಹಾಕಿದ ಅಸಲಿ ಕಾರ್ಪೆಟ್ಟಿನ ಹಿಂಬದಿ ಬೆತ್ತಲೆ ಇರುತ್ತೆ. ಮೇಲಿನ ಚಿತ್ತಾರ ಹಿಂದೆಯೂ ಅಷ್ಟೇ ಸ್ಪಷ್ಟ, ಒಂದೊಂದು ಗಂಟೂ ಸಾಸಿವೆ ಕಾಳಿನ ಹಾಗೆ ಎಣಿಸಬಹುದು. ತುದಿಯ ಕುಚ್ಚು ಹಾಸಿನ ನೂಲೇ, ಅಂದ್ರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ನೂಲೇ, ಮುಂದುವರಿದು ಬಂದಿದ್ದು. ನಮ್ಮದರ ಕುಚ್ಚು? ಮಷೀನಿನಲ್ಲಿ ಹೊಲಿದಿದ್ದು. ಸೀರೆಗೆ ಫಾಲ್ ಹೊಲಿದ ಹಾಗೆ ಹೊಲಿಗೆ ಸಾಲು ಎದ್ದು ಕಾಣ್ತಿತ್ತು. ಮಂಟಪದಲ್ಲಿ ಒಂದು ಸಲ, ಒಂದೇ ಸಲ, ಮೂಲೆ ಎತ್ತಿದ್ರೆ ಎಲ್ಲಾ ಅಲ್ಲೇ ಇತ್ತು.

ದುಡ್ಡು ಹೋಗಿದ್ದು ಹೋಯ್ತು. ಕಷ್ಟ ಕೊಟ್ಟಿದ್ದು ರನ್ನರ್.

ನಮ್ಮ ಪ್ಯಾಸೇಜ್ 3 ಅಡಿ 3 ಇಂಚು ಅಗಲ. ನಾನು ಅಳತೆ ತಗೊಂಡು ಹೋಗಿರಲಿಲ್ಲ, 3 ಅಡಿ ಅಗಲದ್ದು ತಂದೆ. ಎರಡು ಕಡೆ ನಾಲ್ಕೈದು ಇಂಚು ನೆಲ ಬಿಡಬೇಕು ಅನ್ನೋದು ಆಮೇಲೆ ಗೊತ್ತಾಯ್ತು. ನಮ್ಮದು ಸ್ವಲ್ಪ ಸರಿದ್ರೂ ಗೋಡೆಗೆ ತಾಗಿ ಅಂಚು ಮುದುಡ್ತಿತ್ತು, ಬಚ್ಚಲಮನೆ ಬಾಗಿಲು ತೆಗೆದಾಗಲೆಲ್ಲ ಅದನ್ನ ತಳ್ಕೊಂಡು ಹೋಗ್ತಿತ್ತು. ಹಿಂದೆ ಅಂಟಿಸಿದ್ದ ಸ್ಪಂಜಿನಂಥ ಫೋಮ್ ಮೊದಲ ತಿಂಗಳು ನೆಲ ಬಿಗಿಯಾಗಿ ಹಿಡ್ಕೊಂಡಿತ್ತು. ಧೂಳು ಕೂತು, ಗಟ್ಟಿಯಾಗಿ, ಪುಡಿಯಾದ ಮೇಲೆ ಅದೇ ಜಾರುಬಂಡೆ ಆಯ್ತು. ಕೆಳಗೆ ನುಣ್ಣನೆ ವಿಟ್ರಿಫೈಡ್ ಟೈಲ್ಸ್ ಬೇರೆ.

ಅವ್ವ ಬೆಳಗಿನ ಐದೂವರೆಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಹಾಕೋರು. ಆವತ್ತು ಬಚ್ಚಲಿನಿಂದ ಹಸಿ ಕಾಲಲ್ಲಿ ಹೊರಗೆ ಬಂದು ಮುದುಡಿದ ಅಂಚಿನ ಮೇಲೆ ಕಾಲಿಟ್ಟರು. ಸದ್ದು ಕೇಳಿ ನಾನು ಎದ್ದು ಬರೋ ಹೊತ್ತಿಗೆ ರನ್ನರ್ ಅಡುಗೆಮನೆ ಬಾಗಿಲ ತನಕ ಜಾರಿಹೋಗಿತ್ತು, ಅವ್ವ ಬಲಗೈ ಹಿಡ್ಕೊಂಡು ಗೋಡೆಗೆ ಒರಗಿ ಕೂತಿದ್ದರು. ಅಳಲಿಲ್ಲ. ‘ರಂಗೋಲಿ ಪುಡಿ ಡಬ್ಬಿ ಚೆಲ್ತೇನು ನೋಡು’ ಅಂದರು. ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್.

ರನ್ನರ್ ಎರಡನ್ನೂ ಆವತ್ತೇ ತೆಗೆದೆ. ನೆಲಕ್ಕೆ ಕಚ್ಚಿದ್ದ ಫೋಮನ್ನ ಬ್ಲೇಡ್ ಹಿಡಿದು ಕೆರೆಯೋಕೆ ಒಂದು ಭಾನುವಾರ ಪೂರ್ತಿ ಹಿಡೀತು.

ದೂರು ಕೊಡಲಿಲ್ವಾ ಅಂತ ಕೇಳ್ತೀರಿ. ಚೀಟಿಯಲ್ಲಿದ್ದ ನಂಬರ್ ಸ್ವಿಚ್ ಆಫ್. ಮಂಟಪದವರು ‘ನಾವು ಹಾಲ್ ಬಾಡಿಗೆ ಕೊಟ್ಟಿದ್ದಷ್ಟೇ’ ಅಂದರು. 1915ಕ್ಕೆ, ಅದೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿದೆ. ಮರ್ಯಾದೆಯಿಂದಲೇ ಮಾತಾಡಿದರು. ಮಾರಿದವರ ಹೆಸರು, ವಿಳಾಸ, ಬಿಲ್ ನಂಬರ್ ಕೇಳಿದರು. ನನ್ನ ಹತ್ರ ಇದ್ದಿದ್ದು ‘ಎಸ್ಟಿಮೇಟ್’ ಅಂತ ಮೇಲೆ ಅಚ್ಚಾಗಿದ್ದ ಒಂದು ಗುಲಾಬಿ ಚೀಟಿ. ಅದರಲ್ಲಿ ಜಿಎಸ್‌ಟಿ ನಂಬರ್ ಇಲ್ಲ, ವಿಳಾಸ ಇಲ್ಲ, ‘ಸಿಲ್ಕ್’ ಅನ್ನೋ ಶಬ್ದವೂ ಇಲ್ಲ. ‘ಕಾರ್ಪೆಟ್ 1, ರನ್ನರ್ 2’ ಅಷ್ಟೇ. ಸರಿಯಾದ ಬಿಲ್ ಇದ್ದಿದ್ರೆ ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬಹುದಿತ್ತು. 2019ರ ಕಾಯ್ದೆ ಬಂದ ಮೇಲೆ ಮಾರಿದವನು ಯಾವ ಊರಿನವನಾದ್ರೂ ನಾವಿರೋ ಊರಲ್ಲೇ ಕೇಸ್ ಹಾಕಬಹುದು, ಎರಡು ವರ್ಷದೊಳಗೆ ಹಾಕಬೇಕು. ಆದರೆ ಯಾರ ಮೇಲೆ ಹಾಕಲಿ? ಗೂಗಲ್ ಪೇನಲ್ಲಿದ್ದ ಹೆಸರನ್ನೂ ಆಗ ಓದಿರಲಿಲ್ಲ. ಈಗ ಓದಿದ್ರೆ ಅದು ಯಾವುದೋ ಮೊಬೈಲ್ ರೀಚಾರ್ಜ್ ಅಂಗಡಿ.

ಹಾಗಾಗಿ, ಹೋಗೋದೇ ಆದ್ರೆ, ಮನೇಲಿ ಹಳೆ ಪೇಪರ್ ಹಾಸಿ ಅಳತೆ ನೋಡ್ಕೊಂಡು ಹೋಗಿ. ಸೋಫಾದ ಮುಂಗಾಲಾದ್ರೂ ಕಾರ್ಪೆಟ್ ಮೇಲೆ ಕೂರಬೇಕು, ಇಲ್ಲಾಂದ್ರೆ ಹಾಲಿನ ನಡುವೆ ಟವೆಲ್ ಒಣಹಾಕಿದ ಹಾಗೆ ಕಾಣುತ್ತೆ. ಬಾಗಿಲ ಕೆಳಗೆ ಎಷ್ಟು ಸಂದಿ ಇದೆ ಅಂತ ನಾಣ್ಯ ಪೇರಿಸಿ ತೂರಿಸಿ ನೋಡಿ, ಅಷ್ಟೇ ನಾಣ್ಯ ಜೇಬಲ್ಲಿ ಹಾಕ್ಕೊಂಡು ಹೋಗಿ ಕಾರ್ಪೆಟ್ ಪಕ್ಕ ಇಟ್ಟು ದಪ್ಪ ಹೋಲಿಸಿ. ಒದ್ದೆ ಬಿಳಿ ಕರ್ಚೀಫಿನಿಂದ ಒಂದು ಮೂಲೆ ಗಟ್ಟಿಯಾಗಿ ಉಜ್ಜಿ, ಬಣ್ಣ ಬಿಟ್ರೆ ಅಲ್ಲೇ ಗೊತ್ತಾಗುತ್ತೆ. ‘ನಾಲ್ಕು ಎಳೆ ಕೊಡಿ, ಸುಟ್ಟು ನೋಡ್ತೀನಿ’ ಅನ್ನೋಕೆ ಸಂಕೋಚ ಬೇಡ. ಅಸಲಿ ಮಾಲಿನವನು ಕೊಡ್ತಾನೆ. ಬಿಲ್ಲಿನಲ್ಲಿ ನೂಲು ಯಾವುದು, ನೇಯ್ಗೆ ಯಾವುದು ಅಂತ ಬರೆಸಿ. ಬರೆಯಲ್ಲ ಅಂದ್ರೆ ಚಹಾ ಕುಡಿದು ಥ್ಯಾಂಕ್ಸ್ ಹೇಳಿ ಬನ್ನಿ. ರನ್ನರ್ ತಂದ್ರೆ ಹಿಂದೆ ಅಂಟಿಸಿದ ಫೋಮಿನದು ಬೇಡ, ಕೆಳಗೆ ಹಾಸೋ ರಬ್ಬರ್ ಜಾಲರಿ ಬೇರೆಯಾಗೇ ಸಿಗುತ್ತೆ, ರನ್ನರಿಗಿಂತ ಎಲ್ಲಾ ಕಡೆ ಒಂದಿಂಚು ಕಮ್ಮಿ ಕತ್ತರಿಸಿ ಹಾಕಿ. ವಯಸ್ಸಾದವರು ಇರೋ ಮನೇಲಿ ಬಚ್ಚಲ ಮುಂದೆ ರನ್ನರ್ರೇ ಬೇಡ ಅಂತೀನಿ. ಇದು ನನ್ನ ಅಭಿಪ್ರಾಯ, ಒಪ್ಪದವರು ಒಪ್ಪಬೇಡಿ.

ನಮ್ಮ ಹಾಲಿನಲ್ಲಿ ಈಗ ನವಲಗುಂದದ ಜಮಖಾನೆ ಇದೆ. ಹತ್ತಿ ನೂಲಿನದು, ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳೇ ಮಗ್ಗದ ಮುಂದೆ ಕೂತು ನೇಯೋದು, ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿರೋ ಮಾಲು. ಮೆತ್ತಗಿಲ್ಲ, ಹೊಳಪಿಲ್ಲ. ಹೆಂಡತಿಗೆ ಮೊದಲು ಮದುವೆಮನೆ ಚಾಪೆ ಹಾಸಿದಂಗೆ ಅನ್ನಿಸಿತ್ತು. ಅಪ್ಪನ ಜಾಗಕ್ಕೆ ಚಳ್ಳಕೆರೆ ಕಂಬಳಿ. ಅದಕ್ಕೆ ಹುಣಸೆ ಬೀಜದ ಗಂಜಿ ಹಾಕಿರ್ತಾರೆ, ಹೊಸದರಲ್ಲಿ ಸೆಟೆದು ನಿಲ್ಲುತ್ತೆ, ಕುರಿ ವಾಸನೆ ಒಂದು ತಿಂಗಳು ಹೋಗಲ್ಲ. ಅಪ್ಪನಿಗೆ ವಾಸನೆ ಏನೂ ಅಡ್ಡಿ ಇಲ್ಲ. ಜಮಖಾನೆ ಬಂದ ದಿನ ಹಳೇ ಅಭ್ಯಾಸದಂತೆ ಮೂಲೆ ಮಗುಚಿದರು. ಎರಡು ಕಡೆಯೂ ಒಂದೇ ಚಿತ್ತಾರ. ಮತ್ತೆ ಮಗುಚಿ, ಯಾವುದು ಮೇಲೆ ಬರಬೇಕು ಅಂತ ಅವ್ವನನ್ನ ಕೇಳಿದರು.

ಆ 22,000ದ ‘ಸಿಲ್ಕ್’ ಮಹಡಿ ಮೇಲೆ ನೀರಿನ ಟ್ಯಾಂಕ್ ಪಕ್ಕ ಸುತ್ತಿಟ್ಟಿದೆ. ಗಂಟು, ಅಂಟು ಹೆಂಗಿರುತ್ತೆ ಅಂತ ಕಣ್ಣಾರೆ ನೋಡಬೇಕು ಅನ್ನೋವರು ಮಂಟಪಕ್ಕೆ ಹೋಗೋ ಮುಂಚೆ ನಮ್ಮನೆಗೆ ಬನ್ನಿ, ಮಗುಚಿ ತೋರಿಸ್ತೀನಿ. ಬ್ಯಾನರ್ ಭಾನುವಾರದ ತನಕ ಇದೆ.