ಉದ್ಯಮಬಾಗಿನ ಬೋರ್ಡಿಲ್ಲದ ಗ್ಯಾರೇಜ್: ಹಳೆ ಜಿಪ್ಸಿಯ ಸಪ್ಪಳ ಹಿಡಿದುಕೊಟ್ಟವರು

ಬೆಳಗಾವಿಯಲ್ಲಿ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಗಾಡಿ ಇಟ್ಟುಕೊಂಡವರು ಯಾರಾದರೂ 'ಕೆಳಗಡೆಯಿಂದ ಏನೋ ಸಪ್ಪಳ ಬರ್ತಿದೆ, ಎಲ್ಲಿ ತೋರಿಸಲಿ' ಅಂತ ಕೇಳಿದರೆ ನಾನು ಈಗ ಒಂದೇ ಜಾಗ ಹೇಳುತ್ತೇನೆ. ಉದ್ಯಮಬಾಗ್ ಒಳಗೆ, ಫೌಂಡ್ರಿಗಳ ನಡುವೆ ಇರುವ ಒಂದು ತಗಡಿನ ಶೆಡ್. ಬೋರ್ಡ್ ಇಲ್ಲ. ಅಕ್ಕಪಕ್ಕದ ಲೇಥ್ ಅಂಗಡಿಗಳಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ನಡೆಸುವವರನ್ನು ಎಲ್ಲರೂ ಮಾಮಾ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ರಿಪೇರಿ ಮಾಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಇವರು ಪಾನಾ ಹಿಡಿಯುವ ಮೊದಲು ಸಪ್ಪಳ ಎಲ್ಲಿಂದ ಅಂತ ಗಟ್ಟಿ ಮಾಡಿಕೊಳ್ಳುತ್ತಾರೆ. ಅದಕ್ಕೇ ಬೇರೆ ದುಡ್ಡು ತಗೋತಾರೆ, 600 ರೂಪಾಯಿ. ಆ ಆರು ನೂರು ನನಗೆ ದೊಡ್ಡ ಖರ್ಚು ಉಳಿಸಿತು.

ನನ್ನದು 2007ರ ಮಾರುತಿ ಜಿಪ್ಸಿ ಕಿಂಗ್, 1298 ಸಿಸಿ ಪೆಟ್ರೋಲ್ ಎಂಜಿನ್. ಜಾಂಬೋಟಿ ಕಡೆ ನಮ್ಮ ಗದ್ದೆ ಇದೆ. ಮಳೆಗಾಲದಲ್ಲಿ ಅಲ್ಲಿಗೆ ಬೇರೆ ಗಾಡಿ ಹೋಗಲ್ಲ, ಅದಕ್ಕೆ ತಗೊಂಡಿದ್ದು. ಗಾಡಿಯಲ್ಲಿ ಸಪ್ಪಳ ಒಂದಲ್ಲ. 60ರ ಹತ್ತಿರ ಎಕ್ಸಲೇಟರ್ ಬಿಟ್ಟ ಕೂಡಲೇ ಹಿಂದುಗಡೆಯಿಂದ 'ಗೊಂಯ್' ಅಂತ ಊಳು. ಅದೇ ವೇಗದಲ್ಲಿ ಸೀಟಿನ ಕೆಳಗೆ ಸಣ್ಣ ನಡುಕ. ರಿವರ್ಸ್‌ನಿಂದ ಮೊದಲನೇ ಗೇರಿಗೆ ಹಾಕಿದಾಗ 'ಟಕ್'. ಗದ್ದೆಯಲ್ಲಿ ಫೋರ್ ವೀಲ್ ಹಾಕಿ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರದ ಹತ್ತಿರ 'ಕಟ್ ಕಟ್'. ಇದೆಲ್ಲದರ ಹಿಂದೆ ಯಾವಾಗಲೂ ಇರುವ ಒಂದು ಸಣ್ಣ 'ಕುಂಯ್'. ಮೊದಲು ತೋರಿಸಿದ ವರ್ಕ್‌ಶಾಪಿನವರು ಒಂದು ರೌಂಡ್ ಹೊಡೆದು ಬಂದು, 'ಗೇರ್ ಬಾಕ್ಸ್ ಹೋಗಿದೆ, ಇಳಿಸಬೇಕು' ಅಂದರು. ಅಂದಾಜು 40 ಸಾವಿರದ ಮೇಲೆ.

ಮಾಮಾ ಗಾಡಿ ಮುಟ್ಟುವ ಮೊದಲು ಪ್ರಶ್ನೆ ಶುರು ಮಾಡಿದರು. 'ನಿಂತಾಗ ಬರ್ತೈತೇನ್ರೀ? ಕ್ಲಚ್ ಒತ್ತಿದ್ರ ಹೋಗ್ತೈತೇನು? ಎಕ್ಸಲೇಟರ್ ಕೊಟ್ಟಾಗ ಜಾಸ್ತಿಯೋ, ಬಿಟ್ಟಾಗ ಜಾಸ್ತಿಯೋ? ಎಡಕ್ಕ ತಿರುಗಿದ್ರ ಬದಲಾಗ್ತೈತಿ, ಬಲಕ್ಕ ತಿರುಗಿದ್ರ?' ಇವು ಸುಮ್ನೆ ಕೇಳುವ ಪ್ರಶ್ನೆಗಳಲ್ಲ. ಗಾಡಿ ನಿಂತಿದ್ದು, ಕ್ಲಚ್ ಒತ್ತಿದ ಕೂಡಲೇ ಸಪ್ಪಳ ನಿಂತರೆ ಗೇರ್ ಬಾಕ್ಸಿನ ಮುಂದಿನ ಬೇರಿಂಗ್ ಮೇಲೆ ಅನುಮಾನ. ಎಡಕ್ಕೆ ತಿರುಗಿಸಿದಾಗ ಗಾಡಿಯ ಭಾರ ಬಲಕ್ಕೆ ಬೀಳುತ್ತದೆ, ಆಗ ಸಪ್ಪಳ ಹೆಚ್ಚಾದರೆ ಬಲಗಡೆಯ ವೀಲ್ ಬೇರಿಂಗ್ ನೋಡಬೇಕು. ಎಕ್ಸಲೇಟರ್ ಬಿಟ್ಟಾಗ ಮಾತ್ರ ಊಳಿದರೆ ಡಿಫರೆನ್ಷಿಯಲ್ (ಆಕ್ಸಲ್ ನಡುವೆ ಕೂತು ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರುಗಳು), ಅದರಲ್ಲೂ ಅದರೊಳಗೆ ಶಕ್ತಿ ತರುವ ಸಣ್ಣ ಗೇರಾದ ಪಿನಿಯನ್ನಿನ ಬೇರಿಂಗ್ ಕಡೆ ಕಣ್ಣು ಹೋಗಬೇಕು.

ಆಮೇಲೆ ಖಾನಾಪುರ ರಸ್ತೆಯಲ್ಲಿ ಪೀರನವಾಡಿ, ಮಚ್ಚೆ ದಾಟಿ ಓಡಿಸಿದರು. ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು, 'ನೀವೂ ಕೇಳ್ರೀ' ಅಂತ. ನಾಲ್ಕನೇ ಗೇರಿನಲ್ಲಿ 60, ಐದನೇ ಗೇರಿನಲ್ಲಿ 60. ಎರಡರಲ್ಲೂ ಊಳು ಒಂದೇ. ನ್ಯೂಟ್ರಲ್ ಮಾಡಿ ಬಿಟ್ಟರೂ ಪೂರ್ತಿ ಹೋಗಲಿಲ್ಲ. ಅಂದರೆ ಸಪ್ಪಳ ಎಂಜಿನ್ ಸುತ್ತುವುದರ ಜೊತೆ ಇಲ್ಲ, ಚಕ್ರ ತಿರುಗುವುದರ ಜೊತೆ ಇದೆ. ಗೇರ್ ಬಾಕ್ಸ್ ಮೇಲಿನ ಅನುಮಾನ ಅಲ್ಲೇ ಮುಕ್ಕಾಲು ಪಾಲು ಕಡಿಮೆಯಾಯಿತು. ರಸ್ತೆ ಒರಟಾದ ಕಡೆ, ನುಣುಪಾದ ಕಡೆ ಎರಡೂ ಓಡಿಸಿದರು. ಹಲ್ಲು ಹಲ್ಲಾಗಿ ಸವೆದ ಟೈರು ಕೂಡ ಇದೇ ತರಹ ಊಳುತ್ತದೆ, ಆದರೆ ಅದು ರಸ್ತೆ ಬದಲಾದ ಹಾಗೆ ಬದಲಾಗುತ್ತದೆ. ನನ್ನದು ಬದಲಾಗಲಿಲ್ಲ.

ಮುಂದೆ ಅವರು ಮಾಡಿದ್ದನ್ನು ನಾನು ಬೇರೆ ಎಲ್ಲೂ ನೋಡಿರಲಿಲ್ಲ. ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಪೂರ್ತಿ ಕಳಚಿ ಪಕ್ಕಕ್ಕಿಟ್ಟರು. ಫೋರ್ ವೀಲ್ ಲಿವರ್ ಹಾಕಿ ಮುಂದಿನ ಚಕ್ರದ ಮೇಲಷ್ಟೇ ಗಾಡಿ ಓಡಿಸಿದರು. ಜಿಪ್ಸಿಯಲ್ಲಿ ಇದು ಸುಲಭ. ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಇದರ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯಾಗಿ ಕೂತಿದೆ. ಹಾಗಾಗಿ ಕೆಳಗೆ ಶಾಫ್ಟ್‌ಗಳು ಮೂರು: ಗೇರ್ ಬಾಕ್ಸಿನಿಂದ ಟ್ರಾನ್ಸ್‌ಫರ್‌ಗೆ ಒಂದು ಗಿಡ್ಡ ಶಾಫ್ಟ್, ಅಲ್ಲಿಂದ ಮುಂದಕ್ಕೊಂದು, ಹಿಂದಕ್ಕೊಂದು. ಹಿಂದಿನದನ್ನು ತೆಗೆದ ಮೇಲೆ ಊಳು ಹೆಚ್ಚು ಕಡಿಮೆ ನಿಂತೇ ಹೋಯಿತು. ನಡುಕವೂ ಹೋಯಿತು. ಹಿಂದಿನ ಡಿಫರೆನ್ಷಿಯಲ್ ಮೇಲೆ ಎಂಜಿನ್ನಿನ ಎಳೆತ ಬೀಳದಿದ್ದಾಗ ಸಪ್ಪಳ ಇಲ್ಲ ಅಂದರೆ ಹುಡುಕಬೇಕಾದ ಜಾಗ ಅದೇ ಅಲ್ವಾ?

ಕಳಚಿದ ಶಾಫ್ಟ್ ಕೈಯಲ್ಲಿ ಹಿಡಿದಾಗ ಉಳಿದ ಎರಡು ಪ್ರಶ್ನೆಗೂ ಉತ್ತರ ಸಿಕ್ಕಿತು. ಶಾಫ್ಟ್ ತುದಿಯ ಜಾಯಿಂಟಿನಲ್ಲಿ ಶಿಲುಬೆಯಾಕಾರದ ಕ್ರಾಸ್ ಇರುತ್ತದೆ, ಅಂಥ ಒಂದು ಕ್ರಾಸಿನ ಟೋಪಿ ಸುತ್ತ ಇಟ್ಟಿಗೆ ಬಣ್ಣದ ನುಣ್ಣನೆ ಪುಡಿ. ಒಳಗಿನ ಸೂಜಿ ಬೇರಿಂಗ್ ಗ್ರೀಸ್ ಇಲ್ಲದೆ ಒಣಗಿ ತುಕ್ಕು ಹಿಡಿದು ಸವೆದಾಗ ಹೀಗೆ ಪುಡಿ ಹೊರಗೆ ಬರುತ್ತದೆ. 'ಟಕ್' ಅಲ್ಲಿಂದ. ಇನ್ನೊಂದು, ಶಾಫ್ಟಿನ ಎರಡು ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವಲು) ಒಂದೇ ನೇರಕ್ಕೆ ಇರಲಿಲ್ಲ. ಹಿಂದೆ ಯಾರೋ ನಡುವಿನ ಸ್ಪ್ಲೈನ್ (ಹಲ್ಲುಗಳಿಂದ ಕೂಡುವ ಜಾರು ಜೋಡಣೆ) ಎಳೆದು, ಮತ್ತೆ ಹಾಕುವಾಗ ಒಂದು ಹಲ್ಲು ಆಚೀಚೆ ಮಾಡಿದ್ದಾರೆ. ಕ್ರಾಸ್ ಕೋನದಲ್ಲಿ ತಿರುಗುವಾಗ ವೇಗ ಒಂದೇ ಸಮ ಇರುವುದಿಲ್ಲ, ಪ್ರತಿ ಸುತ್ತಿನಲ್ಲೂ ಎರಡು ಸಲ ಏರುತ್ತದೆ, ಇಳಿಯುತ್ತದೆ. ಎರಡು ತುದಿಯೂ ನೇರ ಇದ್ದರೆ ಒಂದರ ಏರಿಳಿತವನ್ನು ಇನ್ನೊಂದು ಸರಿ ಮಾಡುತ್ತದೆ. ತಪ್ಪಿದರೆ ನಡುಕ. ಇದನ್ನು ಸರಿ ಮಾಡಲು ಪಾರ್ಟ್ಸ್ ಖರ್ಚೇ ಇಲ್ಲ. ಕಳಚಿ, ಗುರುತು ಕೂಡಿಸಿ, ಗ್ರೀಸ್ ಹಾಕಿ ಜೋಡಿಸಿದರು.

ಡಿಫರೆನ್ಷಿಯಲ್ ಆಯಿಲ್ ಇಳಿಸಿದಾಗ ಮಾಮಾ ಅದರಲ್ಲಿ ಅಯಸ್ಕಾಂತ ಆಡಿಸಿದರು. ಬೂದಿಯಂಥ ಪುಡಿ ಹತ್ತಿತು, ಚೂರುಗಳಿರಲಿಲ್ಲ. 'ಹಲ್ಲ ಮುರಿದಿಲ್ಲ, ಬೇರಿಂಗ್ ಸವದೈತಿ' ಅಂದರು. ಎರಡೂ ಕಡೆ ಆಕ್ಸಲ್ ಎಳೆದು ಡಿಫರೆನ್ಷಿಯಲ್ ಗೇರುಗಳ ಜೋಡಣೆಯನ್ನು ಹೊರಗಿಳಿಸಿದ ಮೇಲೆ ಪಿನಿಯನ್ ಹಿಡಿದು ಅಲುಗಾಡಿಸಲು ನನಗೇ ಹೇಳಿದರು. ಆಟ ಬೆರಳಿಗೆ ಗೊತ್ತಾಗುತ್ತಿತ್ತು. ಕ್ರೌನ್ (ಪಿನಿಯನ್ ತಿರುಗಿಸುವ ದೊಡ್ಡ ಗೇರು), ಪಿನಿಯನ್ ಎರಡೂ ಹಳೆಯದೇ ಇಟ್ಟು ಬೇರಿಂಗ್, ಸೀಲ್, ಸ್ಪೇಸರ್ ಮಾತ್ರ ಹೊಸದು.

ಜೋಡಿಸುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಪಿನಿಯನ್ ನಟ್ ಬಿಗಿ ಮಾಡಿದಂತೆ ಒಳಗಿನ ಸ್ಪೇಸರ್ ಕುಗ್ಗುತ್ತದೆ, ಬೇರಿಂಗ್ ಮೇಲೆ ಒತ್ತಡ ಕೂರುತ್ತದೆ. ಜಾಸ್ತಿ ಬಿಗಿಯಾದರೆ ಸಡಿಲ ಮಾಡಿ ಸರಿಪಡಿಸಲು ಆಗಲ್ಲ, ಸ್ಪೇಸರ್ ಎಸೆದು ಹೊಸದು ಹಾಕಬೇಕು. ಅದಕ್ಕೆ ಮಾಮಾ ಪಿನಿಯನ್ ತುದಿಯ ಫ್ಲೇಂಜ್ (ಶಾಫ್ಟ್ ಕೂಡುವ ಬಿಲ್ಲೆ) ಸುತ್ತ ದಾರ ಸುತ್ತಿ, ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಮೆಲ್ಲಗೆ ಎಳೆದು ಮುಳ್ಳು ನೋಡುತ್ತಿದ್ದರು. ನಟ್ ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ದಾರ ಎಳೆಯುವುದು. ಆಮೇಲೆ ಕ್ರೌನ್‌ನ ಕೆಲವು ಹಲ್ಲಿಗೆ ನೀಲಿ ಬಣ್ಣ ಸವರಿ ಕೈಯಿಂದ ತಿರುಗಿಸಿದರು. ನೀಲಿ ಅಳಿಸಿದ ಜಾಗ ಹಲ್ಲಿನ ನಡುವೆ ಉದ್ದಕ್ಕೆ ಬಂದಿತ್ತು, ತುದಿಗೂ ಹೋಗಿರಲಿಲ್ಲ, ಬುಡಕ್ಕೂ ಇಳಿದಿರಲಿಲ್ಲ. ಅದನ್ನು ನನಗೆ ತೋರಿಸಿದ ಮೇಲೆಯೇ ಮುಚ್ಚಿದರು. ಇಷ್ಟು ತಾಳ್ಮೆ ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಆಯಿಲ್ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟು: ಡಿಫರೆನ್ಷಿಯಲ್‌ಗೆ ಜಿಎಲ್-5 ದರ್ಜೆಯ ಗೇರ್ ಆಯಿಲ್, ಗೇರ್ ಬಾಕ್ಸಿಗೆ ಜಿಎಲ್-4. ಎರಡಕ್ಕೂ ಒಂದೇ ಸುರಿಯುವುದಿಲ್ಲ.

ಇನ್ನು ಎರಡು ಸಪ್ಪಳಕ್ಕೆ ಅವರು ಕೈಯೇ ಹಾಕಲಿಲ್ಲ. ಯಾವಾಗಲೂ ಇರುವ 'ಕುಂಯ್' ಟ್ರಾನ್ಸ್‌ಫರ್ ಕೇಸಿನದು. ಬಹಳಷ್ಟು ಗಾಡಿಗಳಲ್ಲಿ ಟ್ರಾನ್ಸ್‌ಫರ್ ಕೇಸ್ ಹೈನಲ್ಲಿ (ಮಾಮೂಲಿ ಓಡಾಟದ ಸ್ಥಾನ) ಇದೆ ಅಂದರೆ ಶಕ್ತಿ ನೇರ ದಾಟಿ ಹೋಗುತ್ತದೆ. ಜಿಪ್ಸಿ ಕಿಂಗ್‌ನಲ್ಲಿ ಹೈನಲ್ಲೂ 1.409ರ ಅನುಪಾತದಲ್ಲಿ ಗೇರುಗಳ ಮೂಲಕವೇ ಬರುತ್ತದೆ. ಗೇರು ಗೇರಿಗೆ ತಾಗಿ ತಿರುಗುವಾಗ ದನಿ ಬಂದೇ ಬರುತ್ತದೆ. 'ಅದು ಅದರ ಸ್ವಭಾವ ರೀ, ಅದಕ್ಕ ರೊಕ್ಕ ಹಾಕಬ್ಯಾಡ್ರಿ' ಅಂದರು. ಕೇಸ್ ಹಿಡಿದಿರುವ ರಬ್ಬರ್ ಮೌಂಟ್‌ಗಳನ್ನು ಮಾತ್ರ ಸನ್ನೆಕೋಲು ಹಾಕಿ ಎತ್ತಿ ನೋಡಿದರು, ಹರಿದಿರಲಿಲ್ಲ. ಮುಂದಿನ 'ಕಟ್ ಕಟ್' ಆಕ್ಸಲ್ ತುದಿಯ ಸಿವಿ ಜಾಯಿಂಟಿನದು, ಚಕ್ರ ಪಕ್ಕಕ್ಕೆ ತಿರುಗಿದಾಗಲೂ ಶಕ್ತಿ ದಾಟಿಸುವ ಜಾಯಿಂಟ್ ಅದು. ಫೋರ್ ವೀಲ್ ಹಾಕಿ, ಪೂರ್ತಿ ತಿರುಗಿಸಿ, ಎಕ್ಸಲೇಟರ್ ಕೊಟ್ಟರೆ ಮಾತ್ರ ಬರುತ್ತದೆ. ನೇರ ಹೋಗುವಾಗಲೂ ಶುರುವಾದರೆ ತನ್ನಿ, ಅಲ್ಲಿಯವರೆಗೆ ಗ್ರೀಸ್ ಸಾಕು ಅಂದರು.

ಅದೇ ಹೊತ್ತಿಗೆ ಟಿಳಕವಾಡಿಯ ಒಬ್ಬರು ಥಾರ್ ತಂದಿದ್ದರು. ತಿರುಗಿಸಿದರೆ ಗಾಡಿ ಹಿಡಿದಂತಾಗಿ ಕೆಳಗೆ 'ಢಣ್' ಅನ್ನುತ್ತೆ, ಲಿವರ್ ಟೂ ವೀಲಿಗೆ ಬರ್ತಿಲ್ಲ ಅಂತ ಅವರ ಗಾಬರಿ. ಚೋರ್ಲಾ ಘಾಟ್ ದಾಟಿದ ಮೇಲೂ ಒಣ ಡಾಂಬರಿನಲ್ಲಿ ಫೋರ್ ವೀಲ್‌ನಲ್ಲೇ ಬಂದಿದ್ದಾರೆ. ಈ ಗಾಡಿಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಓಡುವ ದೂರ ಬೇರೆ ಬೇರೆ. ಆ ವ್ಯತ್ಯಾಸ ಹೋಗಲು ಜಾಗವಿಲ್ಲದೆ ಶಾಫ್ಟ್‌ಗಳಲ್ಲಿ ಬಿಗಿ ಕೂರುತ್ತದೆ. ಮಣ್ಣಿನಲ್ಲಿ ಚಕ್ರ ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಆಗಲ್ಲ. ಅದರ ಮೇಲೆ ಅವರು ಹಿಂದಿನ ಎರಡು ಟೈರು ಮಾತ್ರ ಹೊಸದು ಹಾಕಿಸಿದ್ದರು, ಮುಂದಿನವು ಬೋಳು. ಮಾಮಾ ಗಾಡಿಯನ್ನು ಸ್ವಲ್ಪ ದೂರ ನೇರ ಹಿಂದಕ್ಕೆ ತಂದರು, ಲಿವರ್ ಬಂತು. ನಾಲ್ಕೂ ಟೈರು ಒಂದೇ ಸವೆತದ್ದು ಇರಲಿ ಅಂತ ಹೇಳಿ ದುಡ್ಡು ತಗೊಳ್ಳದೆ ಕಳಿಸಿದರು.

ಕೊರತೆಗಳೂ ಇವೆ. ಬಿಲ್ ಸಿಗಲ್ಲ, ಲೆಕ್ಕ ಬಾಯಲ್ಲೇ. ಪಾರ್ಟ್ಸ್ ನೀವೇ ತರಬೇಕು. ಜಿಪ್ಸಿ ತಯಾರಿಕೆ ನಿಂತು ವರ್ಷಗಳಾಗಿವೆ, ಹಾಗಾಗಿ ಒಳ್ಳೆ ಬೇರಿಂಗ್ ಸಿಗುವವರೆಗೆ ಗಾಡಿ ಅಲ್ಲೇ ನಿಲ್ಲುತ್ತದೆ. ಕೂರಲು ಜಾಗ ಇಲ್ಲ. ಗಾಡಿಯ ಕೆಳಗೆ ಕೆಲಸ ಮಾಡುವಾಗ ಫೋನ್ ಎತ್ತಲ್ಲ, ಎತ್ತಿದರೂ 'ಎಷ್ಟಾಗುತ್ತೆ' ಅಂತ ಕೇಳಿದರೆ 'ತಗೊಂಡ್ ಬರ್ರಿ' ಅನ್ನುವುದಷ್ಟೇ. ವೈರಿಂಗ್, ಎಸಿ ಕೆಲಸ ಮಾಡುವುದಿಲ್ಲ. ನನಗೆ ಎಲ್ಲಾ ಸೇರಿ 14 ಸಾವಿರ ಆಯಿತು. ಈಗ 60ರಲ್ಲಿ ಪಕ್ಕದವರ ಜೊತೆ ದನಿ ಏರಿಸದೆ ಮಾತಾಡಬಹುದು.

ಹಳೆ ಫೋರ್ ವೀಲ್ ಗಾಡಿ ಕೊಳ್ಳುವ ಯೋಚನೆ ಇದ್ದರೆ ಅಡ್ವಾನ್ಸ್ ಕೊಡುವ ಮೊದಲೇ ಮಾರುವವರನ್ನು ಒಪ್ಪಿಸಿ ಇಲ್ಲಿಗೆ ತನ್ನಿ. ಬೆಳಿಗ್ಗೆ ಬೇಗ ಬಂದರೆ ಒಳ್ಳೆಯದು, ಆಗ ರಸ್ತೆ ಖಾಲಿ, ಸಪ್ಪಳ ಚೆನ್ನಾಗಿ ಕೇಳುತ್ತದೆ. ಬರುವ ಮೊದಲು ಗಾಡಿಯ ಕೆಳಭಾಗ ಮಾತ್ರ ತೊಳೆಸಬೇಡಿ. ಸೀಲ್ ಎಲ್ಲಿ ಸೋರಿದೆ, ಕ್ರಾಸಿನ ಪುಡಿ ಎಲ್ಲಿ ಬಿದ್ದಿದೆ ಅಂತ ಮಾಮಾ ಮೊದಲು ನೋಡುವುದೇ ಅದನ್ನು. ತೊಳೆದ ಗಾಡಿಯನ್ನು ಒಂದು ವಾರ ಓಡಿಸಿ ತನ್ನಿ ಅಂತ ವಾಪಸ್ ಕಳಿಸುತ್ತಾರೆ.