ಕೇಪಿನ ಕೋವಿಗೆ ಮದ್ದು ಅಳೆಯುವ ಹಿತ್ತಾಳೆ ಕೊಳವೆ: ಮೂರು ಮಳೆಗಾಲ ಬಳಸಿದ ಮೇಲೆ

ಕೇಪಿನ ಕೋವಿ ಅಂದರೆ ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಕೇಪು ಇಟ್ಟು ಹೊಡೆಯುವ ಕೋವಿ. ಒಂದೊಂದು ಈಡಿಗೆ, ಅಂದರೆ ಒಂದು ಸಲ ತುಂಬುವುದಕ್ಕೆ, ಬೇಕಾದ ಮದ್ದನ್ನು ಈ ಕೊಳವೆಯಲ್ಲಿ ಅಳೆಯುವುದು. ಮೊದಲು ದೂರು. ಈ ಕೊಳವೆಯ ತಿರುಪು ನಿಲ್ಲುವುದಿಲ್ಲ. ಒಳಗಿನ ಕಡ್ಡಿಯನ್ನು 60 ಗ್ರೇನ್ ಗೆರೆಗೆ ತಂದು ಬಿಗಿ ಮಾಡಿದರೂ ಐದಾರು ಸಲ ಅಳೆಯುವಷ್ಟರಲ್ಲಿ ಕೂದಲೆಳೆಯಷ್ಟು ಕೆಳಗೆ ಜಾರಿರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಈಡಿನಿಂದ ಈಡಿಗೆ ಮದ್ದು ಮಾತ್ರ ಏರುತ್ತಾ ಹೋಗುತ್ತದೆ. ತಿರುಪಿನಡಿ ಸೈಕಲ್ ಟ್ಯೂಬಿನ ಚೂರು ಇಟ್ಟರೆ ಕೆಲವು ದಿನ ತಡೆಯುತ್ತದೆ, ಅಷ್ಟೇ.

ಹಾಗಿದ್ದರೆ ತೂಕವೇ ವಾಸಿ ಎಂದು ತೀರ್ಥಹಳ್ಳಿ, ಹೊಸನಗರದ ಕಡೆ ಬಂಗಾರ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ತರಿಸುವವರಿದ್ದಾರೆ. ಒಂದು ಗ್ರೇನ್ ಅಂದರೆ 0.0648 ಗ್ರಾಂ. 60 ಗ್ರೇನ್‌ಗೆ 3.89 ಗ್ರಾಂ. 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಒಂದು ಅಂಕೆ ಆಚೀಚೆಯಾದರೆ ಒಂದೂವರೆ ಗ್ರೇನ್ ಹೋಯಿತು. 0.01ರದ್ದೇ ಬೇಕು. ಅದಕ್ಕೂ ಜಗಲಿಯ ಗಾಳಿ ತಾಗಬಾರದು, ಇಟ್ಟ ಜಾಗ ಮಟ್ಟಸ ಇರಬೇಕು.

ನಮ್ಮ ಕಡೆ ತೂಕ ಕೆಡಿಸುವುದು ಥಂಡಿ. ಆಷಾಢದಲ್ಲಿ ಕರಿಮದ್ದು ತೇವ ಹೀರುತ್ತದೆ. ನೂರಕ್ಕೆ ಎರಡು ಪಾಲು ತೇವ ಕೂತರೆ, ತೂಗಿದ 60 ಗ್ರೇನ್‌ನಲ್ಲಿ 1.2 ಗ್ರೇನ್ ಬರೀ ನೀರು. ಕೊಳವೆಗೆ ನೀರಿನ ತೂಕ ಲೆಕ್ಕಕ್ಕಿಲ್ಲ, ಆದರೆ ಕಾಳು ಅಂಟಿಕೊಂಡರೆ ನಡುವೆ ಪೊಳ್ಳು ಉಳಿದು ಅಳತೆ ಕಡಿಮೆಯಾಗುತ್ತದೆ. ಕಾಗದದ ಮೇಲೆ ಸುರಿದು ನೋಡಿ. ಸಾಸಿವೆಯ ಹಾಗೆ ಹರಿದರೆ ಸರಿ, ಗಂಟು ಕಟ್ಟಿದ್ದರೆ ಅದನ್ನು ಕೋವಿಗೆ ಹಾಕಲೇಬೇಡಿ. ಅಡಿಕೆ ಒಣಗಿಸಿದ ಹಾಗೆ ಒಲೆಯಟ್ಟದ ಮೇಲಿಟ್ಟು ಒಣಗಿಸುವ ಯೋಚನೆ ಕನಸಿನಲ್ಲೂ ಬೇಡ.

ಬೈದುಕೊಂಡೇ ಬಳಸಿದರೂ ಕೊಳವೆಯಲ್ಲಿ ಅಳೆಯುವುದನ್ನು ಈಗ ಬಿಟ್ಟಿರಲಾಗುವುದಿಲ್ಲ. ಕಾರಣ ಅಳೆಯುವ ಕ್ರಮ. ಮದ್ದು ತುಂಬಿಟ್ಟುಕೊಳ್ಳುವ ಕೊಂಬಿನಿಂದ ಮದ್ದನ್ನು ಕೊಳವೆಗೆ ಅಂಚು ಮೀರಿ ತುಂಬುವುದು, ಕೊಳವೆಯ ಪಕ್ಕಕ್ಕೆ ಉಗುರಿನಿಂದ ಮೂರು ಸಲ ತಟ್ಟುವುದು, ಕುಸಿದ ಜಾಗಕ್ಕೆ ಇನ್ನಷ್ಟು ಹಾಕುವುದು, ಮೇಲಿನ ಆಲಿಕೆಯನ್ನು ತಿರುಗಿಸಿ ತಲೆ ಸವರುವುದು. ತಟ್ಟುವುದು ಮೂರಾದರೆ ಯಾವತ್ತೂ ಮೂರೇ. ಕುಲುಕಿದ ಪಾವಿನಲ್ಲಿ ಅಕ್ಕಿ ಹೆಚ್ಚು ಹಿಡಿಯುವುದು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈ ಒಂದೇ ಹದಕ್ಕೆ ಬಂದರೆ ಈಡುಗಳ ನಡುವೆ ಹೆಚ್ಚೆಂದರೆ ಒಂದು ಗ್ರೇನ್ ವ್ಯತ್ಯಾಸ, ಕೇಪಿನ ಕೋವಿಗೆ ಅದು ಲೆಕ್ಕಕ್ಕಿಲ್ಲ. ಅಳೆದಾದ ಮೇಲೆ ಕೊಂಬಿನ ಬಾಯಿ ಮುಚ್ಚಿ ದೂರ ಇಟ್ಟು, ಆಮೇಲೆ ನಳಿಗೆಗೆ ಸುರಿಯಿರಿ. ಕೊಂಬಿನಿಂದಲೇ ನೇರ ಸುರಿದಾಗ ನಳಿಗೆಯ ತಳದಲ್ಲಿ ಕಿಡಿ ಉಳಿದಿದ್ದರೆ ಕೊಂಬೇ ಕೈಯಲ್ಲಿ ಸಿಡಿಯುತ್ತದೆ.

ಗೆರೆಯನ್ನು ಮಾತ್ರ ನಂಬಬೇಡಿ. ತಕ್ಕಡಿ ಬೇಕಾಗುವುದು ಇಲ್ಲಿ, ಅದೂ ಒಂದೇ ದಿನಕ್ಕೆ, ಎರವಲು ತಂದರೂ ನಡೆಯುತ್ತದೆ. ಒಣ ಮದ್ದನ್ನು ಹತ್ತು ಸಲ ಅಳೆದು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ. 60ರ ಗೆರೆಗೆ 38.9 ಗ್ರಾಂ ಬರಬೇಕು. 41.5 ಬಂದರೆ ನಿಮ್ಮ ಕೊಳವೆ 64 ಹಾಕುತ್ತಿದೆ ಎಂದರ್ಥ. ಮದ್ದಿನ ಕಾಳು ಬದಲಾದರೆ ಇದನ್ನೆಲ್ಲ ಮತ್ತೆ ಮಾಡಬೇಕು. ಕಾಳಿನ ಗಾತ್ರವನ್ನು ಎಫ್ ಲೆಕ್ಕದಲ್ಲಿ ಹೇಳುತ್ತಾರೆ; ಎರಡು ಎಫ್‌ಗಿಂತ ಮೂರು ಎಫ್ ಸಣ್ಣ ಕಾಳು, ಅದೇ ಕೊಳವೆಯಲ್ಲಿ ಒತ್ತಾಗಿ ಕೂರುತ್ತದೆ, ಬೇಗ ಉರಿದು ಒತ್ತಡವನ್ನೂ ಏರಿಸುತ್ತದೆ.

ಹೊರದೇಶದ ವಿಡಿಯೊ ನೋಡುವವರಿಗೆ ಒಂದು ಮಾತು. ಪೈರೋಡೆಕ್ಸ್ ಥರದ ಬದಲಿ ಮದ್ದು ಹಗುರ. ಕೊಳವೆಯ 100ರ ಗೆರೆಗೆ ಅಳೆದದ್ದನ್ನು ತೂಗಿದರೆ 70 ಗ್ರೇನ್ ಆಸುಪಾಸು ಬರುತ್ತದೆ. ಅದನ್ನು 100 ಗ್ರೇನ್ ತೂಗಿ ಹಾಕಿದವರು ಹೆಚ್ಚುಕಡಿಮೆ ಒಂದೂವರೆ ಈಡು ತುಂಬಿದಂತೆ. ತೋಟಾದೊಳಗಿನ ಹೊಗೆಯಿಲ್ಲದ ಮದ್ದಂತೂ ಅಳತೆಯಲ್ಲೂ ಬೇಡ, ತೂಕದಲ್ಲೂ ಬೇಡ, ನಳಿಗೆ ಒಡೆಯುತ್ತದೆ.

ತಿರುಪಿನ ಕಾಟಕ್ಕೆ ಕೊನೆಗೆ ಸಿಕ್ಕಿದ ದಾರಿ, ಜಾರದ ಅಳತೆ. ಒಳವ್ಯಾಸ 12 ಮಿ.ಮೀ. ಇರುವ ಹಿತ್ತಾಳೆ ಪೈಪಿನ ಒಂದು ಬಾಯಿ ಮುಚ್ಚಿಸಿ, ಒಳಗೆ 36 ಮಿ.ಮೀ. ಆಳ ಉಳಿಸಿಕೊಂಡು, ತೂಕ 60ಕ್ಕೆ ಇಳಿಯುವವರೆಗೆ ಅಂಚನ್ನು ಅರದಿಂದ ಉಜ್ಜಬೇಕು. ಸುಮಾರು 34ಕ್ಕೆ ಬಂದು ನಿಲ್ಲುತ್ತದೆ. 60 ಎಂಬುದು ಲೆಕ್ಕಕ್ಕೆ ಹೇಳಿದ್ದು, ನಿಮ್ಮ ಕೋವಿ ಮಾಡಿದವರು ಹೇಳಿದ ಮಿತಿಯೊಳಗೇ ಇರಿ. ಒಳಗೆ ಎಣ್ಣೆ ಸವರಬೇಡಿ, ಕಾಳು ಹಿಡಿದುಕೊಳ್ಳುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಕಿಲುಬು ಕಟ್ಟುವುದಿಲ್ಲ.

ನನ್ನ ಕೊಂಬಿಗೆ ಈಗ ದಾರದಲ್ಲಿ ತೂಗಿರುವುದು ಆ ಗಿಡ್ಡ ಪೈಪು. ಜಾರುವ ಕೊಳವೆ ಡಬ್ಬದಲ್ಲಿದೆ, ಹೊಸ ಮದ್ದು ಬಂದ ದಿನ ಹೊರಗೆ ಬರುತ್ತದೆ.